ಯಾವ ಬಾವಿ?

ಇಂಗ್ಲಿಷಿನ 'ದಿ' ಅನ್ನೋದು ನಮ್ಮ ಕೇರಿ ಮಕ್ಕಳಿಗೆ ಗಂಟಲ ಮುಳ್ಳು. ಕನ್ನಡದಲ್ಲಿ ಅದಕ್ಕೆ ಸಮನಾದ ಪದವೇ ಇಲ್ಲ. ಗೈಡುಗಳು ನಿಯಮಗಳನ್ನು ಬಾಯಿಪಾಠ ಮಾಡಿಸುತ್ತವೆ. ನಾವು ಹೇಳಿಕೊಡುವುದು ಇಷ್ಟೇ: ಕೇಳುವವನಿಗೆ ಯಾವುದೆಂದು ಗೊತ್ತಿಲ್ಲದಿದ್ದರೆ 'ಎ ವೆಲ್', ಯಾವುದೋ ಒಂದು ಬಾವಿ. ಹೇಳುವವನಿಗೂ ಕೇಳುವವನಿಗೂ ಗೊತ್ತಿದ್ದರೆ 'ದಿ ವೆಲ್', ಅದೇ ಬಾವಿ. ನಮ್ಮನ್ನು ದೂರ ನಿಲ್ಲಿಸಿದ ಬಾವಿ ಯಾವುದೆಂದು ಊರಿಗೂ ಗೊತ್ತು, ಕೇರಿಗೂ ಗೊತ್ತು. ಅದಕ್ಕೆ 'ದಿ' ಹಾಕಲು ನಮ್ಮ ಮಕ್ಕಳಿಗೆ ಗೈಡು ಯಾಕೆ ಬೇಕು? 1927ರಲ್ಲಿ ಮಹಾಡದಲ್ಲಿ ಅಂಬೇಡ್ಕರ್ ಮುಟ್ಟಿದ್ದೂ ಯಾವುದೋ ಒಂದು ಕೆರೆಯ ನೀರನ್ನಲ್ಲ; ಎಲ್ಲರಿಗೂ ಗೊತ್ತಿದ್ದ, ನಮಗೆ ಮಾತ್ರ ನಿಷೇಧವಾಗಿದ್ದ ಚವದಾರ್ ಕೆರೆಯ ನೀರನ್ನು.

ಇನ್ನೊಂದು ಬಳಕೆಯಿದೆ. 'ದಿ ಪೂರ್' ಅಂದರೆ ಒಬ್ಬ ಬಡವನಲ್ಲ, ಬಡವರೆಲ್ಲ. ಇಡೀ ಜನವನ್ನು ಒಂದೇ ಕಟ್ಟಿಗೆ ಕಟ್ಟುವ ಮಾತು. ಬೇರೆಯವರು ನಮ್ಮನ್ನು ಹಾಗೆ ಕಟ್ಟಿದರೆ ಅದು ಹಣೆಪಟ್ಟಿ. ನಾವೇ ಕಟ್ಟಿಕೊಂಡರೆ ಸಂಘಟನೆ.

1949ರ ನವೆಂಬರ್ 26ರಂದು ಅಂಗೀಕಾರವಾದ ಸಂವಿಧಾನ ಇಂಗ್ಲಿಷಿನಲ್ಲಿ ಶುರುವಾಗುವುದು 'ವಿ, ದಿ ಪೀಪಲ್' ಎಂದು. ಆ 'ದಿ' ತೆಗೆದು ನೋಡಿ: ಜನ ಅಂದರೆ ಯಾರೋ ಕೆಲವರು ಅಂತಲೂ ಆಗಬಹುದು. 'ದಿ' ಇರುವಾಗ ಒಬ್ಬರನ್ನೂ ಹೊರಗಿಡುವಂತಿಲ್ಲ. ಮಾಸ್ತರರೆ, ಪಾಠ ಇಲ್ಲಿಂದಲೇ ಶುರು ಮಾಡಿ.