ಸ್ಟೆಪ್ನಿಯ ಹೆಗಲೇರಿದ ಸೈಕಲ್ಲು

ಕಾರುಗಳಲ್ಲಿ ಸ್ಟೆಪ್ನಿಗೆ ಸಿಗುವುದು ಸಾಮಾನ್ಯವಾಗಿ ಡಿಕ್ಕಿಯ ಅಡಿಯ ಕತ್ತಲೆ. ಅದರ ಮೇಲೊಂದು ಕಾರ್ಪೆಟ್ಟು, ಕಾರ್ಪೆಟ್ಟಿನ ಮೇಲೆ ಊರಿಂದ ಬಂದ ಅಕ್ಕಿ ಮೂಟೆ, ತೆಂಗಿನಕಾಯಿ ಚೀಲ. ಪಂಕ್ಚರ್ ಆಗುವ ದಿನದವರೆಗೆ ಅದರ ನೆನಪು ಯಾರಿಗೂ ಬರುವುದಿಲ್ಲ. ಜೀಪಿನ ವಂಶದ ಗಾಡಿಗಳು ಮಾತ್ರ ಅದನ್ನು ಬೆನ್ನಿಗೆ ಕಟ್ಟಿಕೊಂಡು ಹಾಡಹಗಲೇ ಓಡಾಡುತ್ತವೆ. ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿನಲ್ಲೇ ಈ ಪದ್ಧತಿ ಇತ್ತು. 1985ರಲ್ಲಿ ಬಂದ ಮಾರುತಿ ಜಿಪ್ಸಿ, ಆಮೇಲಿನ ಥಾರ್, 2023ರಲ್ಲಿ ನಮ್ಮಲ್ಲಿ ಮಾರಾಟಕ್ಕೆ ಬಂದ ಐದು ಬಾಗಿಲಿನ ಜಿಮ್ನಿ, ಎಲ್ಲವೂ ಅದನ್ನೇ ಮುಂದುವರಿಸಿದವು. ಇದು ಬರೀ ಅಂದಕ್ಕೆ ಮಾಡಿದ ಏರ್ಪಾಡಲ್ಲ. ಕಲ್ಲು ಕೊರಕಲು ಹತ್ತಿ ಇಳಿಯುವ ಗಾಡಿಗೆ ಹೊಟ್ಟೆಯ ಕೆಳಗೆ ಜಾಗ ಬೇಕು. ಚಕ್ರವನ್ನು ಅಲ್ಲಿ ನೇತುಹಾಕಿದರೆ ಬಂಡೆಗೆ ಉಜ್ಜುತ್ತದೆ. ಕೆಸರು ಮೆತ್ತಿ ನಟ್ಟುಗಳೇ ಕಾಣದ ಹಾಗಾಗುತ್ತದೆ.

ನಮ್ಮ ಮನೆಯದು ಜಿಮ್ನಿ. ಅದರ ಹಿಂಬಾಗಿಲ ಮೇಲೆ ಕೂತ ಸ್ಟೆಪ್ನಿಗೆ ಸೈಕಲ್ ರ‍್ಯಾಕ್ ಹಾಕಿಸಿದ ಮೇಲೆ, ಗಾಡಿಯ ಮೇಲಿದ್ದ ನನ್ನ ಪ್ರೀತಿಯೂ ಸೈಕಲ್ಲಿನ ಮೇಲಿದ್ದ ಪ್ರೀತಿಯೂ ಒಂದೇ ಕಡೆ ಬಂದು ಸೇರಿದವು. ಅದನ್ನು ಕೂರಿಸುವ ಕೆಲಸ, ಸೈಕಲ್ಲು ಕಟ್ಟುವ ಕೆಲಸ, ಕಟ್ಟಿಕೊಂಡು ಹೋಗುವ ದಾರಿ, ಮೂರೂ ನನಗೆ ಇಷ್ಟ. ಹೊರಡುವ ಹಿಂದಿನ ಸಂಜೆ ಗಾಡಿಯ ಹಿಂದೆ ಸ್ಟೂಲು ಹಾಕಿಕೊಂಡು ಕೂತರೆ ರಾತ್ರಿ ಊಟಕ್ಕೆ ಕರೆಯುವವರೆಗೂ ಏಳಲು ಮನಸ್ಸಾಗುವುದಿಲ್ಲ.

ಗಾಡಿಯ ಮೇಲೆ ಸೈಕಲ್ಲು ಹೇರುವುದು ನಮ್ಮ ನಾಡಿಗೆ ಹೊಸದಲ್ಲ. ನಾನು ಬೆಳೆದ ಕಾಲದಲ್ಲಿ ಸೈಕಲ್ಲು ಊರು ಬದಲಿಸುತ್ತಿದ್ದುದು ಕೆಂಪು ಬಸ್ಸಿನ ಟಾಪಿನ ಮೇಲೆ. ಹಿಂದಿನ ಏಣಿ ಹತ್ತಿ ಒಬ್ಬ ಮೇಲೆ ನಿಂತರೆ, ಕೆಳಗಿನಿಂದ ಇನ್ನೊಬ್ಬ ಎತ್ತಿ ಕೊಡುತ್ತಿದ್ದ. ಬಾಳೆಗೊನೆ, ಟ್ರಂಕು, ಕೋಳಿ ಬುಟ್ಟಿಗಳ ನಡುವೆ ಅದನ್ನು ಮಲಗಿಸಿ ಹಗ್ಗ ಬಿಗಿದು, ಕಂಡಕ್ಟರ್ ಲಗೇಜ್ ಟಿಕೆಟ್ ಹರಿದು ಕೊಟ್ಟ ಮೇಲೆಯೇ ಬಸ್ಸು ಕದಲುತ್ತಿತ್ತು. ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ರಾಷ್ಟ್ರಮಟ್ಟದ ಎಷ್ಟೋ ಸೈಕಲ್ ಪಟುಗಳನ್ನು ಕೊಟ್ಟ ನೆಲ. ಆ ಕಡೆ ರೇಸಿಗೆ ಹೊರಟ ಗಾಡಿಯೊಂದರ ನೆತ್ತಿಯ ಮೇಲೆ ತೆಳ್ಳನೆ ಚಕ್ರಗಳ ಸಾಲು ಬಿಸಿಲಿಗೆ ಹೊಳೆಯುತ್ತಾ ಹೋಗುವುದನ್ನು ಕಂಡಾಗ ನಾನು ರಸ್ತೆ ಬದಿಗೆ ನಿಂತುಬಿಡುತ್ತೇನೆ.

ಆದರೆ ನೆತ್ತಿಯ ಮೇಲಿನ ಸೈಕಲ್ಲಿಗೆ ಗಾಳಿಯ ಕಾಟ, ತೋಟದ ದಾರಿಯಲ್ಲಿ ಕೊಂಬೆಗಳ ಕಾಟ. ಜಿಮ್ನಿಯ ಎತ್ತರವೇ 1,720 ಮಿಲಿಮೀಟರ್. ಗುಡ್ಡಗಾಡಿನ ಸೈಕಲ್ಲು ಸುಮಾರು 14 ಕಿಲೋ ತೂಗುತ್ತದೆ. ಅದನ್ನು ತಲೆಯಿಂದಾಚೆಗೆ ಎತ್ತಿ ಹಿಡಿದು ನಿಲ್ಲಲು ತೋಳಿನಲ್ಲಿ ಕಸುವು ಬೇಕು. ಬೆನ್ನಿನ ಸ್ಟೆಪ್ನಿ ಇರುವುದು ಎದೆಯ ಮಟ್ಟಕ್ಕೆ. ನನ್ನ ಮಗಳೂ ಯಾರ ಸಹಾಯವಿಲ್ಲದೆ ತನ್ನ ಸೈಕಲ್ಲನ್ನು ತಾನೇ ಎತ್ತಿ ತೂಗುಹಾಕುತ್ತಾಳೆ.

ಸ್ಟೆಪ್ನಿಗೆ ಹಾಕುವ ರ‍್ಯಾಕುಗಳಲ್ಲಿ ಎರಡು ಬಗೆ. ಒಂದು, ಟೈರಿಗೆ ಒರಗಿ ಕೂತು ಪಟ್ಟಿಗಳಿಂದ ಅದನ್ನು ತಬ್ಬಿಕೊಳ್ಳುವಂಥದ್ದು. ಹಾಕುವುದೂ ತೆಗೆಯುವುದೂ ಸಲೀಸು. ಇನ್ನೊಂದು, ಚಕ್ರದ ಹಿಂದೆಯೇ ಬೇರು ಬಿಡುವಂಥದ್ದು. ಇದಕ್ಕೆ ಮೊದಲು ಸ್ಟೆಪ್ನಿಯನ್ನೇ ಬಿಚ್ಚಿ ಕೆಳಗಿಡಬೇಕು. ಬಾಗಿಲಿನ ಬ್ರಾಕೆಟ್ಟಿಗೆ ದಪ್ಪ ಉಕ್ಕಿನ ತಟ್ಟೆಯೊಂದನ್ನು ಕೂರಿಸಿ, ಅದರ ಮೇಲೆ ಚಕ್ರವನ್ನು ಮತ್ತೆ ಏರಿಸಬೇಕು. ತಟ್ಟೆಯಿಂದ ಹೊರಟ ಕೊಳವೆ ಚಕ್ರದ ನಡುವಿನ ಅಂಗೈ ಅಗಲದ ತೂತಿನಿಂದ ಈಚೆ ಬರುತ್ತದೆ. ಸೈಕಲ್ಲು ಹಿಡಿಯುವ ಎರಡು ತೋಳುಗಳನ್ನು ಆ ಕೊಳವೆಗೆ ಸೇರಿಸಿ ಬಿಗಿಯುತ್ತಾರೆ. ಕೆಲಸವಿಲ್ಲದಾಗ ತೋಳುಗಳು ಕೆಳಕ್ಕೆ ಮಡಚಿಕೊಳ್ಳುತ್ತವೆ. ನಾನು ಆರಿಸಿಕೊಂಡದ್ದು ಈ ಎರಡನೆಯದನ್ನು. ಭಾರ ಹೊರುವುದು ರಬ್ಬರಿನ ಮೇಲಲ್ಲ, ಉಕ್ಕಿನ ಮೇಲೆ ಎನ್ನುವುದು ನನಗೆ ನೆಮ್ಮದಿ ಕೊಡುತ್ತದೆ.

ತಟ್ಟೆಯಲ್ಲಿ ದುಂಡು ತೂತುಗಳ ಬದಲು ಉದ್ದನೆ ಸೀಳುಗಳಿರುತ್ತವೆ. ಒಂದೊಂದು ಗಾಡಿಯ ಬೋಲ್ಟುಗಳು ಒಂದೊಂದು ಅಳತೆಯ ವೃತ್ತದಲ್ಲಿ ಕೂರುವುದರಿಂದ ಈ ಉಪಾಯ. ಜಿಮ್ನಿ ಚಕ್ರದ ಐದು ತೂತುಗಳ ವೃತ್ತಕ್ಕೆ 139.7 ಮಿಲಿಮೀಟರ್ ವ್ಯಾಸ, ಅಂದರೆ ಸರಿಯಾಗಿ ಐದೂವರೆ ಇಂಚು. ನನ್ನ ರ‍್ಯಾಕನ್ನು ಕೂರಿಸಿದ್ದು ನಮ್ಮ ಬಡಾವಣೆಯ ಹಳೇ ಗ್ಯಾರೇಜಿನ ಮೇಸ್ತ್ರಿ. ತಟ್ಟೆಯನ್ನು ಹಿಡಿದು ನೋಡಿದ ಕೂಡಲೇ ಅವರು ಸ್ಪ್ಯಾನರ್ ಎತ್ತಿಕೊಳ್ಳಲಿಲ್ಲ. ಮೊದಲು ಸ್ಟಡ್ಡಿನ ಮೇಲೆ ಬೆರಳಾಡಿಸಿದರು.

"ತಟ್ಟೆ ದಪ್ಪದಷ್ಟು ಸ್ಟಡ್ ಉದ್ದ ಕಮ್ಮಿ ಆಗುತ್ತೆ ಸಾರ್. ನಟ್ಟಿಗೆ ಎಷ್ಟು ಥ್ರೆಡ್ ಉಳಿಯುತ್ತೆ ಅಂತ ಮೊದಲು ನೋಡಬೇಕು."

"ಎಷ್ಟು ಉಳಿದರೆ ಸಾಕು ಮೇಸ್ತ್ರಿ?"

"ಸ್ಟಡ್ ಎಷ್ಟು ದಪ್ಪ ಇದೆಯೋ ಅಷ್ಟು ಉದ್ದನಾದ್ರೂ ಕಚ್ಚಬೇಕು. ಹನ್ನೆರಡು ಎಂಎಂ ಸ್ಟಡ್ಡಿಗೆ ಹನ್ನೆರಡು ಎಂಎಂ."

ತಟ್ಟೆ, ಚಕ್ರ ಎರಡನ್ನೂ ಕೂರಿಸಿ, ನಟ್ಟನ್ನು ಬರಿಗೈಯಲ್ಲೇ ತಿರುಗಿಸುತ್ತಾ ಹೋದರು. ಒಂದೊಂದು ಸುತ್ತಿಗೂ ತುಟಿ ಅಲ್ಲಾಡುತ್ತಿತ್ತು. ಎಣಿಕೆ ಮುಗಿದ ಮೇಲೆ ತಲೆಯಾಡಿಸಿ, ಸ್ಪ್ಯಾನರಿನಿಂದ ಒಂದನ್ನು ಅರೆ ಬಿಗಿದು, ಪಕ್ಕದ್ದನ್ನು ಬಿಟ್ಟು ಎದುರಿನದಕ್ಕೆ ಹೋದರು. ಹೀಗೆ ಅಡ್ಡಡ್ಡ ಬಿಗಿದರೆ ಚಕ್ರ ಒಂದು ಪಕ್ಕಕ್ಕೆ ವಾಲದೆ ಸಮನಾಗಿ ಕೂರುತ್ತದೆ. ಕೊನೆಗೆ ತೋಳುಗಳನ್ನು ಹಿಡಿದು, ಕಾಲನ್ನು ನೆಲಕ್ಕೆ ಊರಿ, ಇಡೀ ಗಾಡಿ ಅಲುಗುವ ಹಾಗೆ ಜಗ್ಗಿದರು. ಗಾಡಿ ಅಲುಗಿತು, ರ‍್ಯಾಕ್ ಅಲುಗಲಿಲ್ಲ. "ಐವತ್ತು ಕಿಲೋಮೀಟರ್ ಓಡಿಸಿ ಇನ್ನೊಂದು ಸಲ ಬಿಗೀರಿ. ಹೊಸ ಕಬ್ಬಿಣ ಕೂತ್ಕೊಳ್ಳೋಕೆ ಸ್ವಲ್ಪ ದಾರಿ ಬೇಕು" ಅಂದರು. ಇದನ್ನು ಯಾವ ಕೈಪಿಡಿಯಲ್ಲಿ ಓದಿದ್ದರೂ ನನ್ನ ಮನಸ್ಸಿನಲ್ಲಿ ಇಷ್ಟು ಗಟ್ಟಿಯಾಗಿ ನಿಲ್ಲುತ್ತಿರಲಿಲ್ಲ.

ಸೈಕಲ್ಲು ಕಟ್ಟುವುದಕ್ಕೂ ಒಂದು ಕ್ರಮವಿದೆ. ಮೊದಲನೆಯದರ ಹ್ಯಾಂಡಲ್ ಬಲಕ್ಕಿದ್ದರೆ ಎರಡನೆಯದರದು ಎಡಕ್ಕಿರಬೇಕು. ಆಗ ಒಂದರ ಹ್ಯಾಂಡಲ್ಲಿಗೆ ಇನ್ನೊಂದರ ಸೀಟು ಜಾಗ ಬಿಟ್ಟುಕೊಡುತ್ತದೆ. ಗಾಡಿಯ ಕಡೆಗಿರುವ ಪೆಡಲ್ ಬಿಚ್ಚಿಟ್ಟರೆ ಬಣ್ಣಕ್ಕೆ ಗೀರು ಬೀಳುವುದಿಲ್ಲ. ಕಬ್ಬಿಣಕ್ಕೆ ಕಬ್ಬಿಣ ತಾಗುವಲ್ಲೆಲ್ಲಾ ಹಳೇ ಟ್ಯೂಬಿನ ತುಂಡು ಸುತ್ತಬೇಕು. ಪಂಕ್ಚರ್ ಅಂಗಡಿಯಲ್ಲಿ ಕೇಳಿದರೆ ಒಂದು ಕಂತೆಯನ್ನೇ ಪುಕ್ಕಟೆ ಕೊಡುತ್ತಾರೆ. ಲೇಡಿಸ್ ಸೈಕಲ್ಲಿನಂತೆ ನಡುಪಟ್ಟಿ ಬಾಗಿದ ಫ್ರೇಮಾದರೆ ಸೀಟಿನ ಕಂಬಕ್ಕೂ ಹ್ಯಾಂಡಲ್ಲಿಗೂ ನಡುವೆ ಅಡ್ಡಲಾಗಿ ಬೇರೊಂದು ಸರಳು ಸಿಕ್ಕಿಸಿ ಅದರಿಂದ ತೂಗುಹಾಕಬೇಕು. ಟೈರು ಸೈಲೆನ್ಸರಿನ ಬಾಯಿಗೆ ಎದುರಾಗಿ ನಿಲ್ಲಬಾರದು. ಆ ಬಿಸಿ ಉಗುಳಿಗೆ ರಬ್ಬರ್ ಉಳಿಯುವುದಿಲ್ಲ. ಕೊನೆಯಲ್ಲಿ ಪಟ್ಟಿಗಳು. ಪಟ್ಟಿಗೆ ನಡುವೆ ಒಂದು ತಿರುವು ಕೊಟ್ಟು ಎಳೆದರೆ, ವೇಗ ಹೆಚ್ಚಿದಾಗ ಅದು ಗಾಳಿಗೆ ಗುಂಯ್‌ಗುಡುವುದಿಲ್ಲ. ಇಂಥ ಸಣ್ಣ ಸಣ್ಣ ತಿಳಿವಳಿಕೆಗಳಲ್ಲೇ ಈ ಕೆಲಸದ ಸುಖವೆಲ್ಲ ಇದೆ. ಕೊನೆಯ ಕೊಕ್ಕೆ ಬಿದ್ದು, ಮಗಳು ಫ್ರೇಮಿನ ಮೇಲೆ ಒಮ್ಮೆ ತಟ್ಟಿ "ಆಯ್ತಪ್ಪಾ" ಅಂದಾಗ ನನಗೆ ಅರ್ಧ ಪ್ರಯಾಣ ಮುಗಿದಷ್ಟು ತೃಪ್ತಿ.

ಇಷ್ಟೆಲ್ಲಾ ಭಾರವನ್ನು ಹೊರುವುದು ಹಿಂಬಾಗಿಲ ಕೀಲುಗಳು. ಎರಡು ಸೈಕಲ್ಲು ಸೇರಿ 28 ಕಿಲೋ. ಆ ತೂಕ ಬಾಗಿಲಿಗೆ ಅಂಟಿಕೊಂಡಿಲ್ಲ; ಸುಮಾರು ಅರ್ಧ ಮೀಟರ್ ಈಚೆ ತೂಗುತ್ತಿದೆ. ಮೇಲಿನ ಕೀಲನ್ನು ಅದು ಹೊರಕ್ಕೆ ಎಳೆಯುತ್ತದೆ, ಕೆಳಗಿನದನ್ನು ಒಳಕ್ಕೆ ಒತ್ತುತ್ತದೆ. ಚಕ್ರ ಗುಂಡಿಗೆ ಬಿದ್ದು ಎದ್ದ ಕ್ಷಣದಲ್ಲಿ ಆ 28 ಕಿಲೋ ಎರಡು ಮೂರು ಪಟ್ಟಾಗಿ ಕೀಲಿಗೆ ಬಡಿಯುತ್ತದೆ. ಸ್ಟೆಪ್ನಿಯ ರ‍್ಯಾಕುಗಳು ಸಾಮಾನ್ಯವಾಗಿ ಎರಡೇ ಸೈಕಲ್ಲಿಗೆ ನಿಲ್ಲುವುದು ಇದೇ ಕಾರಣಕ್ಕೆ. ಮೂರನೆಯದನ್ನು ಹೇರುವ ಆಸೆ ಯಾರಿಗೂ ಬೇಡ. ಬ್ಯಾಟರಿ ಸೈಕಲ್ಲಾದರೆ ಅದರ ತೂಕ ನೋಡಿಯೇ ಮುಂದುವರಿಯಬೇಕು. ಎಷ್ಟೋ ಸಲ ಒಂದಕ್ಕೇ ಮಿತಿ ಮುಗಿದುಹೋಗುತ್ತದೆ.

ಅಗಲದ ಲೆಕ್ಕವೂ ಉಂಟು. ಜಿಮ್ನಿಯ ಅಗಲ 1,645 ಮಿಲಿಮೀಟರ್, ದೊಡ್ಡವರ ಗುಡ್ಡಗಾಡಿನ ಸೈಕಲ್ಲಿನ ಉದ್ದ ಸುಮಾರು 1,800. ಅಡ್ಡಲಾಗಿ ಕಟ್ಟಿದರೆ ಎರಡೂ ಬದಿಗೆ ಒಂದೊಂದು ಗೇಣಿಗೆ ಕಡಿಮೆ, ಎಂಟು ಸೆಂಟಿಮೀಟರಿನ ಆಸುಪಾಸು ಹೊರಚಾಚುತ್ತದೆ. ಕಿರಿದಾದ ಸೇತುವೆಯ ಮೇಲೆ ಎದುರಿನಿಂದ ಬರುವ ಬೈಕಿನವನಿಗೆ ಆ ಎಂಟು ಸೆಂಟಿಮೀಟರ್ ಗೊತ್ತಿರುವುದಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿ, ಗಾಡಿಯ ಬದಿ ಮೀರಿ ಹೊರಚಾಚಿದ ಹೊರೆಗೆ 20,000 ರೂಪಾಯಿ ದಂಡ ಇಟ್ಟಿದೆ. ಮುಂಚಕ್ರ ಬಿಚ್ಚಿ ಒಳಗಿಟ್ಟುಬಿಟ್ಟರೆ ಸೈಕಲ್ಲು ಗಾಡಿಯ ಅಗಲದೊಳಗೇ ಅಡಗುತ್ತದೆ, ಮನಸ್ಸೂ ಹಗುರಾಗುತ್ತದೆ. ನಂಬರ್ ಪ್ಲೇಟು, ಹಿಂದಿನ ಕೆಂಪು ದೀಪ ಮರೆಯಾಗಿಲ್ಲವೇ ಎಂದು ಹತ್ತು ಹೆಜ್ಜೆ ಹಿಂದೆ ನಿಂತು ನೋಡಲೇಬೇಕು. ಜಿಮ್ನಿಯ ಹಿಂದೀಪಗಳು ಬಂಪರಿನಲ್ಲೇ ಇರುವುದರಿಂದ ಕೆಳಕ್ಕೆ ತೂಗುವ ಸೈಕಲ್ ಚಕ್ರ ಅವನ್ನು ಮರೆಮಾಡಬಹುದು.

ಹೀಗೆ ಸಜ್ಜಾಗಿ ಬೆಂಗಳೂರು ಬಿಟ್ಟು, ನೆಲಮಂಗಲ, ಕುಣಿಗಲ್, ಹಾಸನ, ಬೇಲೂರು ದಾಟಿ ಮೂಡಿಗೆರೆಯ ಕಡೆ ಹೊರಡುವುದು ನಮ್ಮ ರೂಢಿ. ಸೈಕಲ್ಲು ಹೊತ್ತ ದಿನ ನನ್ನ ಓಡಿಸುವ ರೀತಿಯೇ ಬದಲಾಗುತ್ತದೆ. ಹಿಂದೆ ಕರು ಕಟ್ಟಿದ ಎತ್ತಿನಗಾಡಿಯವನು ಎತ್ತಿನ ಹೆಜ್ಜೆಗಲ್ಲ, ಕರುವಿನ ಹೆಜ್ಜೆಗೆ ಗಾಡಿ ಹೊಡೆಯುವಂತೆ, ನಾನೂ ಹಿಂದಿರುವುದರ ಹದ ನೋಡಿ ಹೋಗುತ್ತೇನೆ. ಹಂಪು ದೂರದಿಂದಲೇ ಕಾಣತೊಡಗುತ್ತದೆ. ಓವರ್‌ಟೇಕ್ ಮಾಡಲೇಬೇಕೆಂಬ ಹಟ ಹಾಸನ ತಲುಪುವ ಮೊದಲೇ ಕರಗಿರುತ್ತದೆ. ಕನ್ನಡಿಯಲ್ಲಿ ಕಾಣುವ ಎರಡು ಹ್ಯಾಂಡಲ್ಲುಗಳು ನನ್ನನ್ನು ಒಳ್ಳೆಯ ಚಾಲಕನನ್ನಾಗಿ ಮಾಡಿವೆ ಎಂದು ನಾನು ಮನಸಾರೆ ಹೇಳಬಲ್ಲೆ.

ಬೇಲೂರಿನ ರಸ್ತೆಯಲ್ಲಿ ಗಾಳಿ ಹಿಡಿಸಲು ನಿಲ್ಲಿಸಿದಾಗ ಪಂಕ್ಚರ್ ಅಂಗಡಿಯ ಹುಡುಗ ಸುತ್ತ ಬಂದು ನೋಡಿ ಕೇಳಿದ: "ಅಣ್ಣಾ, ಸ್ಟೆಪ್ನಿ ಬೇಕಾದ್ರೆ ಸೈಕಲ್ಲು ಇಳಿಸಿ, ಇದನ್ನೆಲ್ಲ ಬಿಚ್ಚಿ ಆಮೇಲೆ ಚಕ್ರ ತೆಗೀಬೇಕಲ್ಲಾ?" ಅವನ ಪ್ರಶ್ನೆ ನ್ಯಾಯವಾದದ್ದು. ಅದಕ್ಕೇ ಗಾಡಿಯಲ್ಲಿ ಟ್ಯೂಬ್‌ಲೆಸ್ ಪಂಕ್ಚರ್ ಕಿಟ್ಟು, ಗಾಳಿ ತುಂಬುವ ಸಣ್ಣ ಪಂಪು, ರ‍್ಯಾಕಿನ ನಟ್ಟಿಗೆ ಹೊಂದುವ ಸ್ಪ್ಯಾನರ್ ಮೂರೂ ಇರುತ್ತವೆ. ಮೊಳೆ ಚುಚ್ಚಿದ್ದಕ್ಕೆಲ್ಲಾ ಸ್ಟೆಪ್ನಿ ಬೇಕಿಲ್ಲ. ಟೈರು ಸೀಳಿಯೇ ಹೋದರೆ ಅರ್ಧ ಗಂಟೆ ರಸ್ತೆ ಬದಿಯ ಮರದ ನೆರಳಲ್ಲಿ ಕಳೆದರಾಯಿತು. ಅವನಿಗೂ ಅದು ಒಪ್ಪಿಗೆಯಾಯಿತು.

ಮೂಡಿಗೆರೆಯ ಆಚೆ ಸ್ನೇಹಿತರ ಕಾಫಿ ತೋಟವಿದೆ. ಹೂಮಳೆ ಬಿದ್ದ ಸುದ್ದಿ ಬಂತೆಂದರೆ ಎಂಟು ಹತ್ತು ದಿನ ಕಾದು ಹೊರಡುತ್ತೇವೆ. ಗಿಡಗಳು ಬೆಳ್ಳಗಾಗುವುದು ಆಗಲೇ. ತೋಟದ ಗೇಟಿನವರೆಗೆ ಟಾರು, ಆಮೇಲೆ ಮಣ್ಣು, ಇನ್ನೂ ಮುಂದೆ ಕಲ್ಲೆದ್ದ ಕಡಿದಾದ ಏರು. ಆ ಏರು ಜಿಮ್ನಿಗೆ ಲೆಕ್ಕಕ್ಕಿಲ್ಲ. ನೆಲದಿಂದ 210 ಮಿಲಿಮೀಟರ್ ಎತ್ತರಕ್ಕೆ ಹೊಟ್ಟೆ ಎತ್ತಿಕೊಂಡು ನಿಂತ ಗಾಡಿ ಅದು. ಇಳಿಜಾರು ಮುಗಿದು ಸಮತಟ್ಟು ಸಿಗುವಲ್ಲಿ ಹಿಂಬದಿ ನೆಲಕ್ಕೆ ತಾಗಬಾರದೆಂದು ಅದರ ಹಿಂದಿನ ಕೋನವನ್ನು ಸಾಕಷ್ಟು ದೊಡ್ಡದಾಗಿಯೇ ಇಟ್ಟಿದ್ದಾರೆ. ಸೈಕಲ್ಲು ತೂಗುಹಾಕಿದ ಮೇಲೆ ಆ ಕೋನ ಉಳಿಯುವುದಿಲ್ಲ. ಕಡಿದಾದ ಕಡೆ ಗಾಡಿಗಿಂತ ಮೊದಲು ಸೈಕಲ್ಲಿನ ಚಕ್ರವೇ ನೆಲ ಮುಟ್ಟುತ್ತದೆ. ಎಲ್ಲಿ ಬೇಕಾದರೂ ಹೋಗಬಲ್ಲ ಗಾಡಿ, ಸೈಕಲ್ಲನ್ನು ಬೆನ್ನಿಗೆ ಹಾಕಿಕೊಂಡ ಕಾರಣಕ್ಕೇ ಮಣ್ಣಿನ ದಾರಿ ಮುಗಿದಲ್ಲಿ ನಿಲ್ಲುತ್ತದೆ.

ನನಗೆ ಈ ಏರ್ಪಾಡಿನ ಹಿರಿಮೆ ಕಾಣುವುದು ಅಲ್ಲೇ. ಅಲ್ಲಿಂದ ಮುಂದೆ ಸೈಕಲ್ಲೇ. ಪಟ್ಟಿ ಸಡಿಲಿಸಿ, ಪೆಡಲ್ ಸೇರಿಸಿ, ಚಕ್ರ ಸಿಕ್ಕಿಸಿ ಹೊರಟರೆ ಸಿಲ್ವರ್ ಓಕ್ ಮರಗಳ ನಡುವಿನ ಕಾಲುದಾರಿಯೇ ಸಾಕಷ್ಟು ಅಗಲ. ಗಾಡಿಯೊಳಗೆ ಕೂತವನಿಗೆ ಕಾಫಿ ಹೂವಿನ ಬಿಳುಪು ಕಾಣುತ್ತದೆ. ಸೈಕಲ್ಲಿನ ಮೇಲಿದ್ದವನಿಗೆ ಅದರ ಮೇಲೆ ಮುತ್ತಿದ ಜೇನುಹುಳಗಳ ಸದ್ದೂ ಕೇಳುತ್ತದೆ. ಏರಿನಲ್ಲಿ ಉಸಿರು ದೊಡ್ಡದಾಗಿ ಎಳೆದಷ್ಟೂ ಪರಿಮಳ ಎದೆಯೊಳಗೆ ಇಳಿಯುತ್ತದೆ. ತೋಟದ ಆಳುಗಳು ಕೆಲಸ ಬಿಟ್ಟು ದಾರಿ ಕೊಡಬೇಕಾಗಿಲ್ಲ. ನಾವೇ ಇಳಿದು ದಾರಿ ಕೊಡುತ್ತೇವೆ, ಮಾತಾಡಿಸುತ್ತೇವೆ.

ಗಾಡಿ ಇರುವವರಿಗೆ ಸೈಕಲ್ಲೇಕೆ ಎಂದು ಕೇಳುವವರಿದ್ದಾರೆ. ನೂರಾರು ಕಿಲೋಮೀಟರ್ ದೂರವನ್ನು ದಾಟಿಸಲು ಗಾಡಿ ಬೇಕು, ಕೊನೆಯ ಮೂರು ನಾಲ್ಕು ಕಿಲೋಮೀಟರನ್ನು ಅನುಭವಿಸಲು ಸೈಕಲ್ಲು ಬೇಕು. ದಾರಿಯಿಲ್ಲದ ಕಡೆಗೆಂದೇ ಕಟ್ಟಿದ ಗಾಡಿಗಳನ್ನು ನಾವು ಇಂದು ಬೆಟ್ಟದ ನೆತ್ತಿಯವರೆಗೂ, ಹಳ್ಳದ ನೀರಿನೊಳಗೂ ನುಗ್ಗಿಸುತ್ತಿದ್ದೇವೆ. ಹೋಗಬಲ್ಲೆವು ಎಂಬುದೇ ಹೋಗಲು ಕಾರಣವಾಗಬಾರದು. ಮಲೆನಾಡಿನ ಹುಲ್ಲುಗಾವಲಿನಲ್ಲಿ ಚಕ್ರ ಕೊರೆದ ಗಾಯದ ಮೇಲೆ ಒಂದೆರಡು ಮಳೆಗಾಲ ಹರಿದರೆ ಅದು ಕೊರಕಲೇ ಆಗುತ್ತದೆ. ಜೀಪನ್ನು ಪ್ರೀತಿಸುವವರು ಅದನ್ನು ನಿಲ್ಲಿಸುವ ಜಾಗವನ್ನೂ ಪ್ರೀತಿಯಿಂದ ಆರಿಸಬೇಕು. ಬೆನ್ನಿಗೊಂದು ರ‍್ಯಾಕು ಇದ್ದರೆ ಅದು ಸುಲಭ. ನಿಲ್ಲಿಸಿದ ಮೇಲೂ ಪ್ರಯಾಣ ಬಾಕಿ ಇರುತ್ತದೆ, ಅದೂ ದಿನದ ಅತಿ ಒಳ್ಳೆಯ ಭಾಗ.