ನಂಜಮ್ಮಂದಿರ ಊರು

ನಂಜನಗೂಡು ಸೀಮೆಯ ನಮ್ಮೂರ ಬೀದಿಯಲ್ಲಿ ನಿಂತು 'ನಂಜಮ್ಮಾ' ಎಂದರೆ ಎಷ್ಟು ಜಗುಲಿಗಳಿಂದ 'ಓ' ಬರುತ್ತಿತ್ತು! ಅದಕ್ಕೇ ಎಲ್ಲರಿಗೂ ಒಂದೊಂದು ಗುರುತು: ದೊಡ್ಡನಂಜಮ್ಮ, ಚಿಕ್ಕನಂಜಮ್ಮ, ಪುಟ್ಟನಂಜಮ್ಮ, ಬಾವಿಮನೆ ನಂಜಮ್ಮ. ಅಜ್ಜಿಯರು ತಮ್ಮತಮ್ಮೊಳಗೆ ಬರಿಯ 'ನಂಜಿ'. ನಮ್ಮ ಜೊತೆ ಓದಿದ ಹುಡುಗಿಯರ ಹೊತ್ತಿಗೆ ಹೆಸರು ಸ್ವಲ್ಪ ಸಿಂಗಾರಗೊಂಡು ನಂಜಮಣಿ ಆಗಿತ್ತು. ಮೇಷ್ಟ್ರು ಹಾಜರಿ ಕೂಗುವಾಗ ಇನಿಷಿಯಲ್ ಬಿಟ್ಟರೆ ಇಬ್ಬರು ಒಟ್ಟಿಗೆ ಎದ್ದು ನಿಲ್ಲುತ್ತಿದ್ದರು.

ಹೆಚ್ಚಿನವು ಹರಕೆಯ ಹೆಸರುಗಳು. ಮಕ್ಕಳಿಲ್ಲದವರು, ಹುಟ್ಟಿದ ಮಕ್ಕಳನ್ನು ಕಳೆದುಕೊಂಡವರು ಕಪಿಲೆಯಲ್ಲಿ ಮುಳುಗಿ, ಒದ್ದೆ ಬಟ್ಟೆಯಲ್ಲೇ ಉರುಳುಸೇವೆ ಮಾಡಿ ನಂಜುಂಡೇಶ್ವರನಿಗೆ ಮೊರೆಯಿಡುತ್ತಿದ್ದರು. ಮಗು ಉಳಿದರೆ ಹೆಸರು ಆತನದೇ. ಗಂಡಾದರೆ ನಂಜುಂಡ, ಹೆಣ್ಣಾದರೆ ನಂಜಮ್ಮ. ಐದು ತೇರೆಳೆಯುವ ದೊಡ್ಡ ಜಾತ್ರೆಯ ದಿನ ಯಾವ ತಾಯಿಯಾದರೂ 'ನಂಜೂ' ಎಂದು ಕೂಗಿದರೆ ಸುತ್ತಲಿನ ಮಕ್ಕಳೆಲ್ಲ ತಿರುಗುತ್ತಿದ್ದವು.

ಗುಡಿಸಲಿನ ಈ ಹೆಸರು ಅರಮನೆಯಲ್ಲೂ ಇತ್ತು. ನಾಲ್ವಡಿ ಕೃಷ್ಣರಾಜರು ಚಿಕ್ಕವರಿದ್ದಾಗ, 1895ರಿಂದ 1902ರವರೆಗೆ, ಮೈಸೂರನ್ನು ಆಳಿದ ತಾಯಿ ಕೆಂಪನಂಜಮ್ಮಣ್ಣಿ. ಆದರೆ ಆಸ್ಪತ್ರೆಗೂ ಮಾರಿಕಣಿವೆಯ ಅಣೆಕಟ್ಟಿಗೂ ಉಳಿದದ್ದು ಅವರ 'ವಾಣಿವಿಲಾಸ' ಎಂಬ ಬಿರುದೇ. ಮುಂದೆ ಭೈರಪ್ಪನವರ 'ಗೃಹಭಂಗ'ದಲ್ಲಿ, ಕೈಲಾಗದ ಗಂಡನ ಶಾನುಭೋಗಿಕೆಯ ಲೆಕ್ಕವನ್ನು ತಾನೇ ಬರೆದು ಸಂಸಾರ ಹೊತ್ತ ನಂಜಮ್ಮನನ್ನು ಓದಿದಾಗ ನಮಗೆಲ್ಲ ನಮ್ಮೂರಿನ ಯಾವಳೋ ಒಬ್ಬಳು ನೆನಪಾದಳು.

ಆಮೇಲೆ ಆಶಾ, ಕವಿತಾ, ರೂಪಾ ಬಂದರು. ಅವರ ಹಿಂದೆ ಕಾವ್ಯ, ರಮ್ಯರು. ಚಂದದ ಹೆಸರುಗಳೇ. ಆದರೂ ನನಗೊಂದು ಸಂಕಟ. ನಂಜುಂಡ ಹಳತಾಯಿತು ಅನ್ನಿಸಿದಾಗ ಗಂಡುಮಕ್ಕಳಿಗೆ ಶ್ರೀಕಂಠ ಎಂದಿಟ್ಟರು. ಅದೇ ದೇವರು, ಅದೇ ಹರಕೆ, ಹೊಸ ಉಡುಪು. ಹೆಣ್ಣುಮಕ್ಕಳಿಗೆ ಅಂಥ ಹೆಸರನ್ನು ಯಾರೂ ಹುಡುಕಲಿಲ್ಲ. ಅಜ್ಜಿಯಿಂದ ಮೊಮ್ಮಗಳಿಗೆ ಇಳಿದು ಬರುತ್ತಿದ್ದ ಹೆಸರು ನಮ್ಮ ಕಾಲದಲ್ಲೇ ನಿಂತುಹೋಯಿತು.

ನಮ್ಮ ನಂಜಮಣಿಯೂ ಮದುವೆಯಾದ ಮನೆಯಲ್ಲಿ ಮಂಜುಳ ಆದಳು. ಹೋದ ಸಲ ಜಾತ್ರೆಯಲ್ಲಿ ಸಿಕ್ಕಾಗ ಅವಳ ಸೊಸೆಯ ಎದುರಿಗೆ ಹಳೇ ಹೆಸರು ಕೂಗಲೋ ಬೇಡವೋ ಎಂದು ನಾವು ತಡವರಿಸಿದೆವು. ಅವಳೇ ಬಂದು ಕೈ ಹಿಡಿದಳು. "ನಂಜಮಣಿ ಅಂತ್ಲೇ ಕರೀರಿ ಕಣ್ರೋ. ನಮ್ಮವ್ವ ಹೋದ್ಮೇಲೆ ಹಂಗೆ ಕರೆಯೋರು ನೀವೇ ತಾನೆ!"