ಅಂಕವೂ ಅಭ್ಯಾಸವೂ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬೀ ನಾಲ್ಕು ತಾಲ್ಲೂಕುಗಳು ತುಮಕೂರು ಜಿಲ್ಲೆಗೆ ಸೇರಿದವುಗಳಾದರೂ, ಶಿಕ್ಷಣ ಇಲಾಖೆಯವರ ಗಣನೆಯಲ್ಲಿ ಇವು ಬೇರೆಯೇ ಒಂದು ಜಿಲ್ಲೆ. ಮಧುಗಿರಿ ಶೈಕ್ಷಣಿಕ ಜಿಲ್ಲೆಯೆಂದು ಅದಕ್ಕೆ ಹೆಸರು. ಎಸ್.ಎಸ್.ಎಲ್.ಸಿ. ಪರೀಕ್ಷೆಯ ಫಲಿತಾಂಶವು ಪ್ರಕಟವಾದೊಡನೆ, ರಾಜ್ಯದ ಜಿಲ್ಲೆಗಳ ಪಟ್ಟಿಯಲ್ಲಿ ಮಧುಗಿರಿಯು ಎಷ್ಟನೆಯ ಸ್ಥಾನದಲ್ಲಿ ನಿಂತಿತು, ಕಳೆದ ವರ್ಷಕ್ಕಿಂತ ಏರಿತೋ ಇಳಿಯಿತೋ ಎಂಬುದೇ ಇಲ್ಲಿಯ ವಿದ್ಯಾವಂತರ ಮನೆಗಳಲ್ಲಿ ಮಾತಾಗುವುದು. ಅವೇ ಮನೆಗಳ ಒಳಕೋಣೆಯಲ್ಲಿ ಹುಡುಗನೊಬ್ಬನು ಗಣಕಯಂತ್ರದ ಮುಂದೆ ಕುಳಿತು, ಎಲ್ಲಿಯೂ ಇಲ್ಲದ ಒಂದು ರಾಜ್ಯದಲ್ಲಿ ಎಂದೂ ಹುಟ್ಟದ ಒಬ್ಬ ವೀರನ ಖಡ್ಗವಿದ್ಯೆಯನ್ನು 40ರಿಂದ 41ಕ್ಕೆ ಏರಿಸುತ್ತಿದ್ದರೆ, ಹಿರಿಯರಿಗೆ ಕೋಪ ಬರುವುದು. ಹೊರಗಿನ ಅಂಕಕ್ಕೆ ಹಿಗ್ಗುವವರು ಒಳಗಿನ ಅಂಕಕ್ಕೆ ಮುನಿಯುವುದು ನ್ಯಾಯವೇ ಎಂಬುದು ವಿಚಾರಕ್ಕೆ ಯೋಗ್ಯವಾದ ಪ್ರಶ್ನೆ. ಪೂರ್ವಪಕ್ಷವನ್ನು ಚೆನ್ನಾಗಿ ತಿಳಿಯದೆ ಸಿದ್ಧಾಂತವನ್ನು ಹೇಳಬಾರದೆಂಬುದು ಶಾಸ್ತ್ರಕಾರರ ಮರ್ಯಾದೆ. ಆದುದರಿಂದ ಮೊದಲು ಆಟದ ಸ್ವರೂಪವನ್ನೇ ನೋಡತಕ್ಕದ್ದು.

ಈ ಜಾತಿಯ ಆಟಗಳಿಗೆ ಮೂಲವು ಯಂತ್ರವಲ್ಲ, ಕಾಗದ ಮತ್ತು ದಾಳ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ಪ್ರಕಟಿಸಿದರು. ಆಡುವವರು ಮೇಜಿನ ಸುತ್ತ ಕುಳಿತು, ಒಬ್ಬನು ಯೋಧ, ಒಬ್ಬನು ಮಾಂತ್ರಿಕ, ಒಬ್ಬನು ಕಳ್ಳ ಎಂಬಂತೆ ಪಾತ್ರಗಳನ್ನು ವಹಿಸಿಕೊಂಡು ಕಥೆಯೊಂದನ್ನು ನಡೆಸಿಕೊಂಡು ಹೋಗುವರು. ಪಾತ್ರವು ರಾಕ್ಷಸನನ್ನು ಕೊಂದರೆ, ನಿಧಿಯನ್ನು ತಂದರೆ, ಅದಕ್ಕೆ ಅನುಭವದ ಅಂಕಗಳು ಸಲ್ಲುವುವು. ಅಂಕಗಳು ಒಂದು ಮೊತ್ತವನ್ನು ಮುಟ್ಟಿದಾಗ ಪಾತ್ರವು ಒಂದು ಮಟ್ಟ ಮೇಲೇರಿ, ಹೆಚ್ಚು ಬಲವನ್ನೂ ಹೊಸ ಶಕ್ತಿಗಳನ್ನೂ ಪಡೆಯುವುದು. ಹುಡುಗರು ಹೇಳುವ ‘ಲೆವೆಲ್’ ಎಂಬುದು ಇದೇ. ಈ ಏರ್ಪಾಡು ಬೇಗನೆ ಗಣಕಯಂತ್ರಕ್ಕೂ ಸಂಕ್ರಮಿಸಿತು. ಜಪಾನಿನಲ್ಲಿ 1986ರಲ್ಲಿ ಹೊರಬಂದ ‘ಡ್ರ್ಯಾಗನ್ ಕ್ವೆಸ್ಟ್’ ಎಂಬ ಆಟವು ಅದನ್ನು ಅಲ್ಲಿಯ ಮನೆಮನೆಗೂ ತಲುಪಿಸಿತು.

ಭಾರತ ರಾಮಾಯಣಗಳನ್ನು ಕೇಳಿ ಬೆಳೆದವರಿಗೆ ಇದು ತೀರ ಅಪೂರ್ವವೆಂದು ತೋರಲಾರದು. ವೀರನ ಬಲವು ಬೆಳೆಯುವ ಬಗೆಗಳನ್ನು ಪುರಾತನರೂ ಲೆಕ್ಕವಿಟ್ಟು ಹೇಳಿದ್ದಾರೆ. ದುರ್ಯೋಧನನು ವಿಷವಿಕ್ಕಿ ಗಂಗೆಗೆ ನೂಕಿದ ಭೀಮಸೇನನು ನಾಗಲೋಕಕ್ಕಿಳಿದು ಅಲ್ಲಿಯ ರಸವನ್ನು ಎಂಟು ಕುಂಡಗಳಷ್ಟು ಕುಡಿದನು. ಒಂದೊಂದು ಕುಂಡದಲ್ಲಿಯೂ ಸಾವಿರ ಆನೆಗಳ ಬಲ. ವಿಶ್ವಾಮಿತ್ರನು ಬಾಲಕನಾದ ರಾಮನಿಗೆ ಬಲಾ, ಅತಿಬಲಾ ಎಂಬ ವಿದ್ಯೆಗಳನ್ನು ಉಪದೇಶಿಸಿ, ಬಳಿಕ ಅಸ್ತ್ರಗಳನ್ನೂ ದಯಪಾಲಿಸಿದನು. ಇವೆರಡೂ ಕೊಟ್ಟು ಬಂದ ಬಲ. ಮೂರನೆಯದೊಂದು ಬಗೆಯುಂಟು. ಅರ್ಜುನನು ರಾತ್ರಿ ಊಟಮಾಡುತ್ತಿರುವಾಗ ಗಾಳಿಗೆ ದೀಪವಾರಿತು. ಕತ್ತಲಲ್ಲಿಯೂ ಕೈ ತಪ್ಪದೆ ಬಾಯಿಗೇ ಹೋಗುತ್ತಿರುವುದನ್ನು ಅವನು ಗಮನಿಸಿದನು. ಕೈಗೆ ರೂಢಿಯಾದುದಕ್ಕೆ ಕಣ್ಣು ಬೇಕಿಲ್ಲವೆಂದು ತಿಳಿದು ಅಂದಿನಿಂದ ಇರುಳಿನಲ್ಲಿಯೇ ಬಿಲ್ವಿದ್ಯೆಯನ್ನು ಸಾಧಿಸತೊಡಗಿದನು. ಇದು ಮಾಡಿ ಬಂದ ಬಲ. ಇದಕ್ಕೇ ಅಭ್ಯಾಸವೆಂದು ಹೆಸರು.

ಆಟದ ಕರ್ತರೂ ಕಾಲಕ್ರಮದಲ್ಲಿ ಈ ಮೂರನೆಯ ದಾರಿಗೆ ಬಂದರೆಂಬುದು ಕುತೂಹಲಕರವಾದ ಸಂಗತಿ. ರಾಕ್ಷಸನನ್ನು ಕೊಂದ ಅಂಕದಿಂದ ಬೀಗಮುರಿಯುವ ಜಾಣ್ಮೆ ಹೆಚ್ಚುವುದು ಹೇಗೆಂದು ಯೋಚಿಸಿ, ಯಾವ ವಿದ್ಯೆಯನ್ನು ಬಳಸಿದರೆ ಆ ವಿದ್ಯೆಯೇ ಬೆಳೆಯಲೆಂಬ ನಿಯಮವನ್ನು ಅವರು ತಂದರು. 1988ರಲ್ಲಿ ಜಪಾನಿನ ‘ಫೈನಲ್ ಫ್ಯಾಂಟಸಿ’ ಎಂಬ ಆಟದ ಎರಡನೆಯ ಭಾಗವು ಹೀಗೆ ರಚಿತವಾಯಿತು. ಅಮೆರಿಕದಲ್ಲಿ ಸಿದ್ಧವಾಗಿ 2011ರಲ್ಲಿ ಬಂದ ‘ಸ್ಕೈರಿಮ್’ ಎಂಬ ಪ್ರಸಿದ್ಧವಾದ ಆಟದಲ್ಲಿ ಇಂಥ ವಿದ್ಯೆಗಳು 18. ಖಡ್ಗವನ್ನು ಬೀಸಿದರೆ ಖಡ್ಗವಿದ್ಯೆ, ಗುರಾಣಿಯನ್ನು ಒಡ್ಡಿದರೆ ರಕ್ಷಣೆ, ಬೇರು ಹೂಗಳನ್ನು ಬೆರಸಿದರೆ ಔಷಧವಿದ್ಯೆ, ಕುಲುಮೆಯಲ್ಲಿ ದುಡಿದರೆ ಕಮ್ಮಾರಿಕೆ. ಒಂದೊಂದೂ 100ರವರೆಗೆ ಏರುವುದು. ಇವು ಏರಿದಂತೆ ವೀರನ ಒಟ್ಟು ಮಟ್ಟವೂ ಏರುವುದು. ಅಭ್ಯಾಸವೇ ವಿದ್ಯೆಯೆಂದು ಸಾರುವ ಆಟವನ್ನು ಯಾವ ಉಪಾಧ್ಯಾಯನು ತಾನೇ ದೂರಿಯಾನು?

ಆದರೆ ಅಂಕವು ಎಲ್ಲಿ ಬಂದಿತೋ ಅಲ್ಲಿ ಅಂಕಕ್ಕೆ ಒಳದಾರಿಯೂ ಬರುವುದು. ಮಧುಗಿರಿಯ ಒಂದು ಮನೆಯಲ್ಲಿ ರಜೆಯ ದಿನ ನಡೆದ ಸಂಭಾಷಣೆಯನ್ನು ಇಲ್ಲಿ ಹೇಳಬಹುದು. ಹುಡುಗನು ಅಣ್ಣನ ಲ್ಯಾಪ್‌ಟಾಪಿನಲ್ಲಿ ಆಡುತ್ತಿದ್ದನು. ಹಿಂದೆ ಕುಳಿತು ಅವರೆಕಾಳು ಸುಲಿಯುತ್ತಿದ್ದ ಅಜ್ಜಿಯು ಬಹಳ ಹೊತ್ತು ನೋಡಿ ಕೇಳಿದಳು:

“ಏನೋ ಮಗು, ಆಗಿನಿಂದ ಒಂದೇ ಸಮನೆ ಆ ಚಾಕುವನ್ನೇ ಮಾಡ್ತಾ ಇದ್ದೀಯಲ್ಲ?”

“ಚಾಕು ಅಲ್ಲ ಅಜ್ಜಿ, ಕಬ್ಬಿಣದ ಕಠಾರಿ. ನೂರಾರು ಮಾಡಿದರೆ ಕಮ್ಮಾರಿಕೆ ಏರುತ್ತೆ.”

“ಅಷ್ಟು ಕಠಾರಿ ಯಾರಿಗೋ ಬೇಕು?”

“ಯಾರಿಗೂ ಬೇಡ.”

“ಯಾರಿಗೂ ಬೇಡದ್ದು ಮಾಡಿದರೆ ಅದು ಎಂಥಾ ಕಮ್ಮಾರಿಕೆಯೋ!” ಎಂದು ಅಜ್ಜಿಯು ಮೊರವನ್ನು ಎತ್ತಿಕೊಂಡು ಎದ್ದುಹೋದಳು.

ಈ ಹುಡುಗನು ಹೊಸದೇನನ್ನೂ ಮಾಡಲಿಲ್ಲ. ಆ ಆಟವು ಬಂದ ಹೊಸದರಲ್ಲಿ, ಹಗುರವಾದ ಕಠಾರಿಯನ್ನು ಮಾಡಿದರೂ ಅಮೂಲ್ಯವಾದ ಕವಚವನ್ನು ಮಾಡಿದರೂ ವಿದ್ಯೆಯು ಸಮನಾಗಿ ಬೆಳೆಯುತ್ತಿದ್ದಿತು. ಆದುದರಿಂದ ಲೋಕದ ಎಲ್ಲ ಕಡೆಯ ಆಟಗಾರರೂ ಕಠಾರಿಗಳ ರಾಶಿಯನ್ನೇ ಹಾಕಿದರು. ಮುಂದೆ ಕರ್ತರು ಇದನ್ನು ಕಂಡು, ಬೆಲೆಬಾಳುವ ವಸ್ತುವಿಗೆ ಹೆಚ್ಚು ಫಲವೆಂದು ನಿಯಮವನ್ನು ತಿದ್ದಿದರು. ಆದರೂ ಹಳೆಯ ಉಪಾಯವು ಹುಡುಗರ ಬಾಯಿಂದ ಬಾಯಿಗೆ ಹರಿದುಬಂದಿದೆ. ಮೇಲೆ ಹೇಳಿದ ಜಪಾನಿನ ಆಟದಲ್ಲಿಯಂತೂ ಇನ್ನೂ ವಿಪರೀತ: ಪೆಟ್ಟು ತಿಂದಷ್ಟೂ ದೇಹಬಲವು ಬೆಳೆಯುವುದೆಂಬ ನಿಯಮವಿದ್ದುದರಿಂದ, ಆಟಗಾರರು ಶತ್ರುವನ್ನು ಬಿಟ್ಟು ತಮ್ಮ ಸಂಗಡಿಗರನ್ನೇ ಹೊಡೆದು ಬೆಳೆಸಿದರು. ಇಂಥ ಪುನರಾವೃತ್ತಿಗೆ ಆಟಗಾರರ ಭಾಷೆಯಲ್ಲಿ ‘ಗ್ರೈಂಡಿಂಗ್’ ಎಂದು ಹೆಸರು, ಅಂದರೆ ಅರೆಯುವುದು. ಒರಳಿನಲ್ಲಿ ಅರೆದರೆ ಹಿಟ್ಟಾದರೂ ದೊರೆಯುವುದು. ಇಲ್ಲಿ ದೊರೆಯುವುದು ಅಂಕವೊಂದೇ.

ಮರುವಾರ ಹುಡುಗನಿಗೆ ಅಂಕದ ನಿಜಸ್ವರೂಪವು ಆಟದೊಳಗೇ ಗೋಚರಿಸಿತು. ಕಮ್ಮಾರಿಕೆಯು ಏರಿ ಅದರೊಡನೆ ವೀರನ ಒಟ್ಟು ಮಟ್ಟವೂ ಏರಿದ್ದಿತು. ಆ ಆಟದಲ್ಲಿ ವೀರನ ಮಟ್ಟಕ್ಕೆ ಅನುಸಾರವಾಗಿ ಎದುರಾಳಿಗಳೂ ಬಲಿಷ್ಠರಾಗುವರು. ಹುಡುಗನ ವೀರನೋ ಕುಲುಮೆಯನ್ನು ಬಿಟ್ಟು ಹೊರಗೆ ಬಂದವನೇ ಅಲ್ಲ; ಅವನ ಖಡ್ಗವಿದ್ಯೆಯು ಇದ್ದಲ್ಲಿಯೇ ಇದ್ದಿತು. ಹಿಂದೆ ಸುಲಭವಾಗಿ ಗೆದ್ದಿದ್ದ ಗುಹೆಯಂಥದರಲ್ಲಿಯೇ ಈಗ ಅವನು ನಾಲ್ಕು ಸಲ ಬಿದ್ದನು.

ಆಟದ ಈ ಕಥೆಯನ್ನು ಕೇಳಿ ನಗುವ ಹಿರಿಯರು ಸ್ವಲ್ಪ ತಾಳಬೇಕು. ಅದೇ ಮನೆಯಲ್ಲಿ ನೀರಿಗಾಗಿ ಹೊಸದಾಗಿ ಒಂದು ಸಂಪನ್ನು ಕಟ್ಟಿಸುತ್ತಿದ್ದರು. ಒಳಗಿನ ಅಳತೆ ಎಂಟು ಅಡಿ ಉದ್ದ, ಆರು ಅಡಿ ಅಗಲ, ಐದು ಅಡಿ ಆಳ. 5,000 ಲೀಟರಿನ ಟ್ಯಾಂಕರುಗಳು ಎಷ್ಟು ಹಿಡಿಯುವುದೆಂದು ಲೆಕ್ಕ ಹಾಕುವಂತೆ ತಾತನು ಹುಡುಗನನ್ನು ಕೇಳಿದನು. ಗಣಿತದಲ್ಲಿ ನೂರಕ್ಕೆ ತೊಂಬತ್ತರ ಮೇಲೆ ಪಡೆಯುವ ಹುಡುಗ. ಘನಫಲದ ಸೂತ್ರವನ್ನು ನಿದ್ರೆಯಲ್ಲಿ ಕೇಳಿದರೂ ಹೇಳಬಲ್ಲವನು. ಅವನು ಅಂಗಳದಲ್ಲಿ ತೋಡಿದ್ದ ಗುಂಡಿಯನ್ನು ನೋಡಿ, ತಾತನನ್ನು ನೋಡಿ, “ಇದು ಯಾವ ಪಾಠದ ಲೆಕ್ಕ ತಾತ?” ಎಂದನು.

ಆ ಪ್ರಶ್ನೆಯಲ್ಲಿ ಹುಡುಗನ ದಡ್ಡತನವೇನೂ ಇರಲಿಲ್ಲ. ಪಾಠದ ಕೊನೆಯಲ್ಲಿ ಬರುವ ಲೆಕ್ಕಗಳನ್ನು, ಮಾದರಿ ಪ್ರಶ್ನೆಗಳನ್ನು, ಹಳೆಯ ಪ್ರಶ್ನೆಪತ್ರಿಕೆಗಳನ್ನು ಅವನು ನೂರಾರು ಸಲ ಮಾಡಿದ್ದನು. ಅವು ಅವನ ಕಬ್ಬಿಣದ ಕಠಾರಿಗಳು. ಪರೀಕ್ಷೆಯ 625 ಅಂಕಗಳಿಗೆ ಯಾವುದು ಹತ್ತಿರದ ದಾರಿಯೆಂದು ಹಿರಿಯರೇ ಅವನಿಗೆ ತೋರಿಸಿಕೊಟ್ಟಿದ್ದರು. ಆ ದಾರಿಯಲ್ಲಿ ಅವನು ಶ್ರದ್ಧೆಯಿಂದಲೇ ನಡೆದಿದ್ದನು. ಹೀಗೆ ಏರಿದ ಮಟ್ಟಕ್ಕೆ ಅನುಸಾರವಾಗಿ ಮುಂದಿನ ತರಗತಿಯಲ್ಲಿ ಎದುರಾಳಿಗಳು ಬಲಿಷ್ಠರಾಗಿ ನಿಲ್ಲುವರು. ಹತ್ತನೆಯ ತರಗತಿಯಲ್ಲಿ ಹೆಸರು ಪಡೆದು ಪದವಿಪೂರ್ವ ತರಗತಿಯಲ್ಲಿ ಎಡವುವ ಮಕ್ಕಳನ್ನು ಕಂಡು ಬೆರಗಾಗುವವರು, ಕುಲುಮೆಯಿಂದ ಹೊರಬಂದು ಗುಹೆಯಲ್ಲಿ ಬಿದ್ದ ಆ ವೀರನನ್ನು ನೆನೆದರೆ ಕಾರಣವು ತಿಳಿಯುವುದು. ಆಟದ ಕರ್ತರು ತಮ್ಮ ನಿಯಮದ ದೋಷವನ್ನು ಕಂಡೊಡನೆ ತಿದ್ದಿದರು. ಪಾಠಶಾಲೆಗಳ ನಿಯಮವನ್ನು ತಿದ್ದುವುದು ಅಷ್ಟು ಸುಲಭವಲ್ಲದಿರಬಹುದು, ಆದರೆ ದೋಷವನ್ನು ಕಾಣುವುದಕ್ಕೆ ಅಡ್ಡಿಯೇನು?

ಹಾಗೆಂದು ಅಂಕವನ್ನೇ ನಿಂದಿಸುವುದೂ ಯುಕ್ತವಲ್ಲ. ಆಟದಿಂದ ಪಾಠಶಾಲೆಯು ಕಲಿಯಬೇಕಾದುದೂ ಉಂಟು. ಆಟವು ಎಳೆಯ ವೀರನನ್ನು ಮೊದಲ ದಿನವೇ ಮಹಾಸರ್ಪದ ಬಾಯಿಗೆ ತಳ್ಳುವುದಿಲ್ಲ. ತೋಳನನ್ನು ಗೆದ್ದವನಿಗೆ ಕರಡಿ, ಕರಡಿಯನ್ನು ಗೆದ್ದವನಿಗೆ ಮುಂದಿನದು. ಸ್ವಲ್ಪ ಬೆಳೆದರೂ ಬೆಳೆದೆನೆಂದು ಆಗಲೇ ತಿಳಿಸುವುದು. ಬಿದ್ದವನನ್ನು ಹಂಗಿಸುವುದಿಲ್ಲ, ಎದ್ದು ಮತ್ತೆ ಬಾ ಎನ್ನುವುದು. ಒಂದೇ ಲೆಕ್ಕವನ್ನು ನಾಲ್ಕು ಸಲ ತಪ್ಪಿದ ಹುಡುಗನು ತರಗತಿಯಲ್ಲಿ ಐದನೆಯ ಸಲ ಕೈಯೆತ್ತುವುದು ಅಪರೂಪ. ಗುಹೆಯಲ್ಲಿ ನಾಲ್ಕು ಸಲ ಬಿದ್ದವನು ಐದನೆಯ ಸಲ ತಾನಾಗಿ ಹೋಗುತ್ತಾನೆ. ಕರ್ನಾಟಕದಲ್ಲಿ 2024ರಲ್ಲಿ ಎಸ್.ಎಸ್.ಎಲ್.ಸಿ.ಗೆ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳನ್ನು ನಡೆಸುವ ಏರ್ಪಾಡು ಬಂದಾಗ, ಬಿದ್ದವನಿಗೆ ಏಳುವ ಅವಕಾಶವು ದೊರೆತುದು ಒಳ್ಳೆಯದೇ ಆಯಿತು. ಏಳಲು ಬೇಕಾದ ಧೈರ್ಯವನ್ನು ಮಾತ್ರ ಮನೆಯೇ ಕೊಡಬೇಕು.

ಇನ್ನು ಆಟವು ಕಲಿಸಲಾರದ ಮಾತೊಂದಿದೆ. ಆ ಲೋಕದಲ್ಲಿ ಗಳಿಸಿದ ವಿದ್ಯೆಯು ಕೆಡುವುದಿಲ್ಲ. ಖಡ್ಗವಿದ್ಯೆಯನ್ನು 100ಕ್ಕೆ ಏರಿಸಿ, ಯಂತ್ರವನ್ನು ಮುಚ್ಚಿ, ಐದು ವರ್ಷ ಬಿಟ್ಟು ತೆರೆದರೂ ಅದು 100 ಆಗಿಯೇ ಇರುವುದು. ಇಹಲೋಕದ ವೀರರಿಗೆ ಈ ಭಾಗ್ಯವಿಲ್ಲ. ಶಾಪಗ್ರಸ್ತನಾದ ಕರ್ಣನಿಗೆ ಬೇಕಾದ ಹೊತ್ತಿನಲ್ಲಿ ಅಸ್ತ್ರವು ನೆನಪಾಗಲಿಲ್ಲ. ಕೃಷ್ಣನು ಹೋದ ಮೇಲೆ, ದ್ವಾರಕೆಯ ಸ್ತ್ರೀಯರನ್ನು ಕಳ್ಳರಿಂದ ಕಾಯಬೇಕಾಗಿ ಬಂದಾಗ, ಗಾಂಡೀವವನ್ನು ಹೆದೆಯೇರಿಸುವುದೇ ಅರ್ಜುನನಿಗೆ ಕಷ್ಟವಾಯಿತು. ಕತ್ತಲಲ್ಲಿ ಗುರಿಯಿಡಲು ಕಲಿತವನ ಕೈಯೇ ಹಾಗಾದರೆ ಉಳಿದವರ ಪಾಡೇನು?

ಆ ಆಟದಲ್ಲಿ ಮಠವೊಂದಕ್ಕೆ ಹತ್ತುವ ಹಿಮದ ಬೆಟ್ಟವುಂಟು. ಮೆಟ್ಟಿಲುಗಳು ಏಳು ಸಾವಿರವೆಂದು ಅಲ್ಲಿಯ ಪಾತ್ರಗಳು ಹೇಳುವುವು. ಅದನ್ನು ಹತ್ತು ಸಲ ಏರಿಳಿದ ಹುಡುಗನು ಮನೆಯ ಕಿಟಕಿಯಿಂದ ಕಾಣುವ ಮಧುಗಿರಿಯ ಏಕಶಿಲೆಯ ಬೆಟ್ಟವನ್ನು ಕೋಟೆಯ ಬಾಗಿಲುಗಳನ್ನು ದಾಟಿ ಅರ್ಧ ಹತ್ತುವುದರೊಳಗೆ ಏದುಸಿರುಬಿಟ್ಟು ಕುಳಿತನು. ವೀರನ ಕಾಲಿಗೆ ಬಂದ ಬಲವು ಹುಡುಗನ ಕಾಲಿಗೆ ಬಂದಿರಲಿಲ್ಲ. ಹಾಗೆಯೇ ಆಟದ ವೀರನು ಯಾವುದೋ ಬೇರನ್ನು ಬಾಯಿಗೆ ಹಾಕಿಕೊಂಡರೆ ಅದರ ಮೊದಲನೆಯ ಗುಣವು ಅಕ್ಷರರೂಪದಲ್ಲಿ ಕಣ್ಣಿಗೆ ಬೀಳುವುದು. ಒಂದೊಂದು ಮೂಲಿಕೆಗೂ ನಾಲ್ಕೇ ಗುಣ. ಕೊರಟಗೆರೆಯ ಸಿದ್ಧರಬೆಟ್ಟದಲ್ಲಿ ಮೂಲಿಕೆಯನ್ನು ಅರಸುವವನಿಗೆ ಅಂಥ ಅಕ್ಷರಗಳು ಕಾಣುವುದಿಲ್ಲ. ಎಲೆಯ ವಾಸನೆ, ಕಾಂಡದ ಬಣ್ಣ, ಮಳೆಯ ಕಾಲ ಇವನ್ನು ಬಲ್ಲವರ ಹಿಂದೆ ನಡೆದು ನಡೆದು ಅರಿಯಬೇಕು. ತಪ್ಪಾಗಿ ತಿಂದರೆ ಮತ್ತೆ ಮೊದಲಿನಿಂದ ತೊಡಗುವ ಅವಕಾಶವಿಲ್ಲ. ಶಿರಾದ ಕೋಟೆಯು ಬಯಲಿನಲ್ಲಿದ್ದರೂ ಪಾವಗಡ, ನಿಡಗಲ್ಲು, ಮಿಡಿಗೇಶಿ, ಚನ್ನರಾಯನದುರ್ಗಗಳು ಬೆಟ್ಟದ ಮೇಲಿವೆ. ದುರ್ಗಗಳನ್ನು ಏರುವ ಆಸೆ ಹುಡುಗರಲ್ಲಿ ಹುಟ್ಟಿರುವಾಗ ಅವರನ್ನು ಇವುಗಳಲ್ಲಿ ಒಂದಕ್ಕಾದರೂ ಕರೆದುಕೊಂಡು ಹೋಗುವ ಹಿರಿಯರು ಬೇಕು.

ಹಳೆಯ ವೇದಪಾಠಶಾಲೆಗಳಲ್ಲಿಯೂ ಮಟ್ಟಗಳಿದ್ದುವು. ಸಂಹಿತೆಯನ್ನು ಕಲಿತವನು ಪದಪಾಠಕ್ಕೆ, ಅಲ್ಲಿಂದ ಕ್ರಮಕ್ಕೆ, ಜಟೆಗೆ, ಕೊನೆಗೆ ಘನಕ್ಕೆ ಏರುವನು. ಕ್ರಮದಲ್ಲಿ ಒಂದು ಎರಡು, ಎರಡು ಮೂರು ಎಂದು ಪದಗಳನ್ನು ಜೋಡಿಸುವುದು; ಜಟೆಯಲ್ಲಿ ಅದನ್ನೇ ಹಿಂದುಮುಂದಾಗಿ ಹೆಣೆಯುವುದು; ಘನದಲ್ಲಿ ಮೂರು ಮೂರು ಪದಗಳನ್ನು ಹಾಗೆ ಹೆಣೆಯುವುದು. ಇದೂ ಪುನರಾವೃತ್ತಿಯೇ ಸರಿ. ಆದರೆ ಇಲ್ಲಿ ಒಂದೊಂದು ಆವೃತ್ತಿಯೂ ಹಿಂದಿನದಕ್ಕಿಂತ ಕಠಿಣ. ನಾಲಗೆಯು ತಾನಾಗಿ ಓಡದಂತೆ ಮನಸ್ಸನ್ನು ಎಚ್ಚರದಲ್ಲಿ ಹಿಡಿದಿಡುವಂಥದು. ಪತಂಜಲಿಯು ಅಭ್ಯಾಸವು ದೃಢವಾಗುವುದಕ್ಕೆ ಬಹುಕಾಲ, ಎಡೆಬಿಡದಿರುವಿಕೆ, ಆದರ ಎಂಬಿವು ಬೇಕೆಂದು ಯೋಗಸೂತ್ರದಲ್ಲಿ ಹೇಳುತ್ತಾನೆ. ಕಠಾರಿಗಳ ರಾಶಿಗೆ ಕಾಲವೂ ಸಂದಿದ್ದಿತು, ಎಡೆಯೂ ಇರಲಿಲ್ಲ, ಆದರವೊಂದೇ ಇರಲಿಲ್ಲ. ಮಾಡುವ ವಸ್ತುವಿನಲ್ಲಿ ಪ್ರೀತಿಯಿಲ್ಲದೆ ಸಲ್ಲುವ ಅಂಕದಲ್ಲಿ ಮಾತ್ರ ಪ್ರೀತಿಯಿದ್ದರೆ ಅದು ಅಭ್ಯಾಸವಾಗಲಾರದು. ಇದು ಆಟಕ್ಕೂ ಸಲ್ಲುವ ಮಾತು, ಪರೀಕ್ಷೆಗೂ ಸಲ್ಲುವ ಮಾತು.

ಅಂದು ಸಂಪಿನ ಲೆಕ್ಕವು ಹಾಗೆಯೇ ಉಳಿಯಲಿಲ್ಲ. ತಾತನು ಯಾವ ಪಾಠವೆಂದು ಹೇಳಲೂ ಇಲ್ಲ, ಹಂಗಿಸಲೂ ಇಲ್ಲ. ಅಳತೆಯ ಪಟ್ಟಿಯನ್ನು ಹುಡುಗನ ಕೈಗೆ ಕೊಟ್ಟು ಗುಂಡಿಗೆ ಇಳಿಸಿದನು. ಅಡಿಯನ್ನು ಲೀಟರಿಗೆ ತಿರುಗಿಸುವಲ್ಲಿ ಹುಡುಗನು ಎರಡು ಸಲ ತಪ್ಪಿ, ಮೂರನೆಯ ಸಲ 240 ಘನ ಅಡಿ, ಸುಮಾರು 6,800 ಲೀಟರೆಂದು ತಂದನು. ಒಂದು ಟ್ಯಾಂಕರು ಪೂರ್ತಿ ಹಿಡಿಯುವುದು, ಎರಡನೆಯದರಲ್ಲಿ ಅರ್ಧಕ್ಕಿಂತ ಹೆಚ್ಚು ಮಿಗುವುದೆಂದು ತಿಳಿದ ಮೇಲೆ, ಆಳವನ್ನು ಇನ್ನೆಷ್ಟು ಹೆಚ್ಚಿಸಿದರೆ ಎರಡೂ ಹಿಡಿಯುವುವೆಂದು ಯಾರೂ ಕೇಳದೆಯೇ ಗುಣಿಸತೊಡಗಿದನು. ಅದಕ್ಕೆ ಯಾರೂ ಅಂಕವನ್ನು ಕೊಡಲಿಲ್ಲ. ಅವನಿಗೂ ಅದು ನೆನಪಾಗಲಿಲ್ಲ. ಮನೆಯ ಮಕ್ಕಳಿಗೆ ಇಂಥ ಗುಂಡಿಗಳನ್ನು ಒದಗಿಸಿಕೊಡುವ ಹಿರಿಯರು, ಅವರ ಆಟದ ಹೊತ್ತನ್ನು ಮಿತಿಗೊಳಿಸುವ ಅಧಿಕಾರವನ್ನೂ ತಾವಾಗಿಯೇ ಪಡೆಯುವರು.